ದೈವ ಕೂಡಿದ್ದೆಲ್ಲ ಪ್ರಜಾಪ್ರಭುತ್ವವಲ್ಲ

ಪ್ರಜಾಪ್ರಭುತ್ವ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಶಾಲೆ-ಕಾಲೇಜುಗಳಲ್ಲಿ ಒಂದು ಸಿದ್ಧ ಉತ್ತರವಿದೆ. ಅಮೆರಿಕದ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನ್ 1863ರ ನವೆಂಬರಿನಲ್ಲಿ ಗೆಟಿಸ್‌ಬರ್ಗಿನಲ್ಲಿ ಮಾಡಿದ ಚಿಕ್ಕ ಭಾಷಣದ ಕೊನೆಯ ಮಾತನ್ನು ಕನ್ನಡಕ್ಕೆ ಇಳಿಸಿಕೊಂಡು, ‘ಪ್ರಜೆ’ ಎಂಬ ಪದಕ್ಕೆ ಮೂರು ವಿಭಕ್ತಿ ಪ್ರತ್ಯಯ ಹಚ್ಚಿ ಬರೆದರೆ ಮಾರ್ಕು ಬೀಳುತ್ತದೆ. ಮುನಿರಾಬಾದ್, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಹುಡುಗರು ಈ ವಿಭಕ್ತಿಯಲ್ಲಿ ತಪ್ಪುವವರಲ್ಲ. ಆದರೆ ಆ ಭಾಷಣ ನಡೆದದ್ದು ಗುಲಾಮಗಿರಿಯ ಸಲುವಾಗಿ ಒಂದು ದೇಶ ಎರಡಾಗಿ ಹೊಡೆದಾಡುತ್ತಿದ್ದಾಗ, ಗುಲಾಮರ ಬಿಡುಗಡೆಯ ಘೋಷಣೆ ಹೊರಟು ಇನ್ನೂ ವರ್ಷ ತುಂಬದಿದ್ದಾಗ. ಪ್ರಜೆ ಅಂದರೆ ಯಾರು, ಅದರೊಳಗೆ ಯಾರನ್ನು ಎಣಿಸಬೇಕು ಎಂಬುದಕ್ಕೇ ಅಲ್ಲಿ ರಕ್ತ ಹರಿದಿತ್ತು. ಅದು ನಮ್ಮ ಎರಡು ಮಾರ್ಕಿನ ಉತ್ತರದಲ್ಲಿ ಬರುವುದಿಲ್ಲ.

ಮುನಿರಾಬಾದಿನಲ್ಲಿ ಕೆಲವು ವಿದ್ಯಾರ್ಥಿಗಳೊಂದಿಗೆ ಕೂತು ಸಂವಿಧಾನ ಓದುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಸರ, ನಮ್ಮೂರಾಗ ದೈವ ಕೂಡ್ತೈತಿ. ಎಲ್ಲಾರೂ ಮಾತಾಡ್ತಾರ, ಎಲ್ಲಾರೂ ಒಪ್ಪಿ ತೀರ್ಮಾನ ಮಾಡ್ತಾರ. ಅದೂ ಪ್ರಜಾಪ್ರಭುತ್ವ ಅಲ್ಲೇನ್ರಿ?” ಪರೀಕ್ಷೆಗೆ ಬರದ ಈ ಪ್ರಶ್ನೆಯ ಹಿಂದೆ ಈ ಸೀಮೆಯ ಚರಿತ್ರೆಯೆಲ್ಲ ಇದೆ.

ನಮ್ಮ ಭಾಗದಲ್ಲಿ ದೈವ ಅಂದರೆ ಬರೀ ದೇವರಲ್ಲ. ಊರ ಗೌಡರು, ಹಿರಿಯರು, ಹೊಲಮನಿ ಉಳ್ಳ ಮನೆತನದವರು ಗುಡಿಯ ಕಟ್ಟೆಗೆ ಸೇರಿದರೆ ಅದೂ ದೈವ. ಅಲ್ಲಿ ಆದದ್ದು ದೈವದ ಮಾತು. ಮನುಷ್ಯರ ಸಭೆಗೆ ದೇವರ ಹೆಸರು ಸುಮ್ಮನೆ ಬಂದಿಲ್ಲ. ದೇವರ ಮಾತಿನ ಮೇಲೆ ಅಪೀಲು ಹೋಗಲು ಬರುವುದಿಲ್ಲ. ಆ ಸಭೆಗೆ ಕೇರಿಯವರು ಹೋಗುತ್ತಲೇ ಇರಲಿಲ್ಲ ಅಂತಲ್ಲ. ಡಂಗುರ ಸಾರಿ ಸಭೆ ಕೂಡಿಸುವವರೇ ನಾವು. ಕಟ್ಟೆಯ ಕೆಳಗೆ, ಚಪ್ಪಲಿ ಬಿಟ್ಟ ಜಾಗದಿಂದ ಆಚೆ ಕೈಕಟ್ಟಿ ನಿಂತು ಕೇಳಿಸಿಕೊಳ್ಳುವವರೂ ನಾವೇ. ‘ಎಲ್ಲಾರೂ ಒಪ್ಪಿದ್ರು’ ಎಂಬ ಲೆಕ್ಕದಲ್ಲಿ ನಮ್ಮ ಬಾಯಿ ಮುಚ್ಚಿದ್ದನ್ನೂ ಒಪ್ಪಿಗೆ ಅಂತಲೇ ಎಣಿಸುತ್ತಿದ್ದರು. ಭಾರತದ ಹಳ್ಳಿಗಳು ಪುಟ್ಟ ಪುಟ್ಟ ಗಣರಾಜ್ಯಗಳು ಎಂದು ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಮೆಟ್ಕಾಫ್ 1830ರಲ್ಲಿ ಬರೆದ. ಆಮೇಲೆ ಅದು ನಮ್ಮ ರಾಷ್ಟ್ರೀಯವಾದಿಗಳ ಬಾಯಿಪಾಠವಾಯಿತು. ಮೆಟ್ಕಾಫ್ ಕಟ್ಟೆಯ ಮೇಲಿನಿಂದ ನೋಡಿದ್ದ. ಕೆಳಗಿನಿಂದ ನೋಡಿದವರ ವಿಮರ್ಶೆ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

‘ಪ್ರಜೆ’ ಎಂಬ ಪದವನ್ನೂ ಒಮ್ಮೆ ತಿರುವಿ ನೋಡಬೇಕು. ಸಂಸ್ಕೃತದಲ್ಲಿ ಅದಕ್ಕೆ ಸಂತಾನ ಎಂಬ ಅರ್ಥವೇ ಹಳೆಯದು. ರಾಜ ಅಪ್ಪ, ಜನ ಮಕ್ಕಳು. ಮಕ್ಕಳು ಅಪ್ಪನನ್ನು ಆರಿಸುವುದಿಲ್ಲ, ಐದು ವರ್ಷಕ್ಕೊಮ್ಮೆ ಬದಲಿಸುವುದಂತೂ ಇಲ್ಲ. ಅಂಥ ಪದಕ್ಕೆ ‘ಪ್ರಭುತ್ವ’ ಎಂಬ ಇನ್ನೊಂದು ದೊಡ್ಡಪದ ಜೋಡಿಸಿ ನಾವು ಹೊಸ ಮಾತೊಂದನ್ನು ಕಟ್ಟಿಕೊಂಡಿದ್ದೇವೆ. ಪದ ಹೊಸದಾದರೂ ಅದರ ಹೊಟ್ಟೆಯೊಳಗೆ ಅಪ್ಪ-ಮಕ್ಕಳ ಸಂಬಂಧ ಹಾಗೇ ಕೂತಿದೆ. ಆರಿಸಿ ಕಳಿಸಿದ ಶಾಸಕನ ಮನೆ ಮುಂದೆ ಅರ್ಜಿ ಹಿಡಿದು ಕೈಮುಗಿದು ನಿಲ್ಲುವಾಗ ಅದು ಹೊರಗೆ ಬರುತ್ತದೆ.

ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರುಶಾಸನಗಳಿವೆ. ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ಕೊರೆದದ್ದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಶ್ರಮಿಸಿದರೆ ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಸಾರ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಕಲ್ಲಿನ ಮೇಲೆ ‘ಸಣ್ಣವರು’ ಎಂಬ ಮಾತು ಬಿದ್ದಿತ್ತು ಎಂಬುದು ನನಗೆ ಇಷ್ಟದ ಸಂಗತಿ. ಆದರೂ ಅದು ರಾಜಾಜ್ಞೆ. ಸಣ್ಣವರನ್ನು ಕೇಳಿ ಕೊರೆದದ್ದಲ್ಲ. ಹಳೆಯದರಲ್ಲೆಲ್ಲ ಪಾರ್ಲಿಮೆಂಟನ್ನು ಹುಡುಕುವ ಚಟ ನಮ್ಮ ಭಾಷಣಕಾರರಿಗೆ ಇದೆ. ಬಾಬಾಸಾಹೇಬರೂ ಬೌದ್ಧ ಸಂಘಗಳ ನಡಾವಳಿಯನ್ನು 1949ರಲ್ಲಿ ಸಂವಿಧಾನ ಸಭೆಯಲ್ಲಿ ನೆನೆದರು. ಆದರೆ ಅವರು ಅದನ್ನು ಎತ್ತಿದ್ದು ಹೆಮ್ಮೆಗೆ ಮಾತ್ರವಲ್ಲ. ಆ ಪ್ರಜಾಪ್ರಭುತ್ವವನ್ನು ಈ ದೇಶ ಒಮ್ಮೆ ಕಳೆದುಕೊಂಡಿತ್ತು, ಮತ್ತೆ ಕಳೆದುಕೊಳ್ಳಬಹುದು ಎಂದು ಎಚ್ಚರಿಸಲು.

ಈಗ ಇತ್ತೀಚಿನ ಚರಿತ್ರೆಗೆ ಬರೋಣ. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವ ತನಕ ಇದೆಲ್ಲ ರಾಯಚೂರು ಜಿಲ್ಲೆ. 1948ರ ತನಕ ನಿಜಾಮನ ಹೈದರಾಬಾದ್ ಸಂಸ್ಥಾನ. ಅದರಲ್ಲೂ ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್‌ಜಂಗರ ಜಹಗೀರು. ಅಂದರೆ ಯಜಮಾನರ ಮೇಲೆ ಯಜಮಾನರು: ಮೇಲೆ ನಿಜಾಮ, ಅವನ ಕೆಳಗೆ ಜಹಗೀರದಾರ, ಅವನ ಕೆಳಗೆ ಊರಗೌಡ. ಎಲ್ಲರ ಕೆಳಗೆ ಬಿಟ್ಟಿ ದುಡಿಯುವ ಕೇರಿ. ಹಳೇ ಮೈಸೂರಿನವರು ತಮ್ಮ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಳೆಯದು ಎಂದು ಹೇಳಿಕೊಳ್ಳುತ್ತಾರೆ. ಅಲ್ಲಿಯೂ ಮೊದಮೊದಲು ಕೂತವರು ಜಮೀನು, ವ್ಯಾಪಾರ ಇದ್ದವರೇ. ನಮ್ಮಲ್ಲಿ ಅಷ್ಟೂ ಇರಲಿಲ್ಲ. ಕಚೇರಿಯ ಭಾಷೆ ಉರ್ದು. ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿತ್ತು. ಕೇರಿಯ ಮಕ್ಕಳಿಗೆ ಈ ಭಾಷೆಯ ಕಷ್ಟ ಬರಲಿಲ್ಲ, ಯಾಕಂದರೆ ಅವರು ಶಾಲೆಗೇ ಹೋಗಲಿಲ್ಲ.

ಆ ಕಾಲದ ದಲಿತ ರಾಜಕಾರಣದಲ್ಲಿ ಒಂದು ಭಿನ್ನಮತವಿತ್ತು. ನಮ್ಮ ಚಳವಳಿಯ ಬರಹಗಳಲ್ಲಿ ಅದರ ಚರ್ಚೆ ಕಡಿಮೆ. 1947ರ ನವೆಂಬರಿನಲ್ಲಿ ಅಂಬೇಡ್ಕರ್ ಒಂದು ಹೇಳಿಕೆ ಕೊಟ್ಟು, ಹೈದರಾಬಾದಿನ ಪರಿಶಿಷ್ಟರು ಯಾವ ಕಾರಣಕ್ಕೂ ನಿಜಾಮನ ಪಕ್ಷ, ಇತ್ತೆಹಾದಿನ ಪಕ್ಷ ವಹಿಸಬಾರದು ಎಂದರು. ಬಿ. ಶ್ಯಾಮಸುಂದರ್ ಬೇರೆ ದಾರಿ ಹಿಡಿದರು. 1948ರಲ್ಲಿ ವಿಶ್ವಸಂಸ್ಥೆಗೆ ಹೋದ ಹೈದರಾಬಾದ್ ನಿಯೋಗದಲ್ಲಿ ಅವರೂ ಇದ್ದರು. ಇದೇ ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದರು. ಯಾರು ಸರಿ ಎಂಬ ತೀರ್ಪಿನಲ್ಲಿ ನನ್ನದು ಬಾಬಾಸಾಹೇಬರ ಪಕ್ಷವೇ. ಆದರೆ ಇಬ್ಬರ ಎದುರಿಗೂ ಇದ್ದ ಪ್ರಶ್ನೆ ಒಂದೇ: ನಾಳೆ ಬಹುಮತದ ಆಳ್ವಿಕೆ ಬಂದಾಗ, ಆ ಬಹುಮತ ಜಾತಿಯ ಬಹುಮತವೇ ಆಗಿದ್ದರೆ, ನಮ್ಮ ಗತಿ ಏನು? ಈ ಭಯ ಸುಳ್ಳಾಗಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ರಜಾಕಾರರ ಹಾವಳಿ ಮುಗಿದು ಪೊಲೀಸ್ ಕಾರ್ಯಾಚರಣೆ ಆದಮೇಲೆ ಸಂಸ್ಥಾನದ ಅನೇಕ ಕಡೆ ಬಡ ಮುಸಲ್ಮಾನರ ಮೇಲೆ ನಡೆದ ಕೊಲೆ-ಲೂಟಿಗಳನ್ನು ನೋಡಿ ಬಂದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಗುಂಪಿನ ಕೈಗೆ ಊರು ಸಿಕ್ಕರೆ ಮೊದಲು ಬಲಿಯಾಗುವವರು ಯಾರು ಎಂಬುದಕ್ಕೆ ಅದೂ ಒಂದು ಪಾಠ.

ಹೈದರಾಬಾದ್ ಭಾರತಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ, 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟರು. ಗ್ರಾಮವನ್ನೇ ಆಡಳಿತದ ಬುನಾದಿ ಮಾಡಿ ಎಂದು ಒತ್ತಾಯ ಇತ್ತು. ಅವರು ಅದೇ ಮೆಟ್ಕಾಫನ ಮಾತನ್ನು ಎತ್ತಿಕೊಂಡು, ಹಳ್ಳಿ ಎಂಬುದು ಸಂಕುಚಿತತೆಯ, ಅಜ್ಞಾನದ, ಕೋಮುಭಾವನೆಯ ಗುಂಡಿ ಎಂಬರ್ಥದ ಮಾತಾಡಿ, ಕರಡಿನಲ್ಲಿ ಗ್ರಾಮವನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ತಮಗೆ ಸಂತೋಷ ಎಂದರು. ಸಭೆಯಲ್ಲಿ ಅನೇಕರಿಗೆ ಸಿಟ್ಟು ಬಂತು. ಆ ಸಭೆಯಲ್ಲಿ ಹೈದರಾಬಾದಿನ ಪ್ರತಿನಿಧಿ ಒಬ್ಬರೂ ಇರಲಿಲ್ಲ. ಆದರೂ ನಮ್ಮ ಊರುಗಳ ದೈವದ ಕಟ್ಟೆಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಅಲ್ಲಿಯವರೆಗೆ ಕೇರಿಯವನೊಬ್ಬ ಊರಿನ ಒಂದು ಭಾಗ, ಗೌಡನ ಮನೆಯ ಆಳು, ಜಾತಿಯ ಒಂದು ತಲೆ. ಈಗ ಅವನು ‘ಒಬ್ಬ’. ವಿದ್ಯಾರ್ಥಿ ಗೆಳೆಯರಿಗೆ ಪ್ರಜಾಪ್ರಭುತ್ವದ ಮೂಲತತ್ವ ಕೇಳಿದರೆ ನಾನು ಈ ‘ಒಬ್ಬ’ನಿಂದ ಶುರುಮಾಡುತ್ತೇನೆ. ಬಹುಮತ ಆಮೇಲಿನ ಮಾತು.

1952ರ ಮೊದಲ ಚುನಾವಣೆ ಹೇಗೆ ನಡೆಯಿತು ಎಂಬುದು ಈಗಿನ ಹುಡುಗರಿಗೆ ಕತೆ ಕೇಳಿದಂತೆ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಓದಲು ಬಾರದವನೂ ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬಹುದಿತ್ತು. ಆ ಪರದೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಜೀತದ ಆಳಿಗೆ ಧಣಿಯ ಕಣ್ಣಿಲ್ಲದ ಜಾಗವೆಂಬುದು ಊರಲ್ಲಿ ಎಲ್ಲಿತ್ತು? ಹೊಲದಲ್ಲಿ ಧಣಿ, ಗುಡಿಯ ಮುಂದೆ ಧಣಿ, ಕೇರಿಯ ಮದುವೆಯಲ್ಲೂ ಧಣಿಯ ಅಪ್ಪಣೆ. ಆ ಒಂದು ಗೇಣು ಬಟ್ಟೆ ಅವನನ್ನು ಅರ್ಧ ನಿಮಿಷ ಧಣಿಯಿಂದ ಮರೆಮಾಡಿತು. ಹೊರಗೆ ಬಂದಮೇಲೆ “ಯಾರಿಗ್ ಹಾಕಿದ್ಯೋ” ಎಂದು ಕೇಳಿದರೆ ಸುಳ್ಳು ಹೇಳುವ ಹಕ್ಕೂ ಅವನಿಗೆ ಬಂತು. ಗುಪ್ತ ಮತದಾನ ಎಂಬ ತತ್ವಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ.

ಆ ಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಅಳವಂಡಿಯ ಶಿವಮೂರ್ತಿಸ್ವಾಮಿ, ಪಕ್ಷೇತರರಾಗಿ. ಮುಂಡರಗಿಯ ಶಿಬಿರದಲ್ಲಿ ನಿಂತು ನಿಜಾಮನ ವಿರುದ್ಧ ಹೋರಾಡಿದವರು. ದೊಡ್ಡ ಪಕ್ಷವನ್ನು ಬಿಟ್ಟು ಹೋರಾಟಗಾರನೊಬ್ಬನನ್ನು ಆರಿಸುವಷ್ಟು ವಿವೇಕ ಈ ಹಿಂದುಳಿದ ಸೀಮೆಗೆ ಮೊದಲ ಸಲವೇ ಇತ್ತು. ಇತ್ತ ರಾಜ್ಯದ ತಲೆಯಲ್ಲಿ ಮಾತ್ರ ಅದೇ ನಿಜಾಮ, ಈಗ ರಾಜಪ್ರಮುಖ ಎಂಬ ಹೆಸರಿನಲ್ಲಿ, 1956ರ ತನಕ. ಜಹಗೀರುಗಳು 1949ರಲ್ಲಿ ರದ್ದಾದವು, ಗೌಡಿಕೆ ಮನಸ್ಸಿನಲ್ಲಿ ಉಳಿಯಿತು.

ಹೆಂಗಸರ ಮಾತು ಬೇರೆಯೇ ಇದೆ. ಆ ಸಲದ ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋದವು. ಇಂಥವನ ಹೆಂಡತಿ, ಇಂಥವನ ಮಗಳು ಎಂದು ಬರೆಸಿದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ ಎಂಬ ಕಾರಣಕ್ಕೆ. ಹೆಚ್ಚಿನವರು ಉತ್ತರದ ರಾಜ್ಯಗಳವರು. ಮುನಿರಾಬಾದಿನ ಮಗ್ಗುಲಲ್ಲೇ ಹುಲಿಗಿ ಇದೆ, ಹುಲಿಗೆಮ್ಮನ ಸನ್ನಿಧಿ. ದೇವರಿಗೆ ಬಿಟ್ಟ ಕೇರಿಯ ಹೆಣ್ಣುಮಗಳನ್ನು ಪಟ್ಟಿಯಲ್ಲಿ ಯಾರ ಹೆಂಡತಿ ಎಂದು ಬರೆಯಬೇಕಾಗಿತ್ತೋ! ಅವಳನ್ನು ಬಿಡುವಾಗಲೂ ಮನೆಯವರು ಒಪ್ಪಿದ್ದರು, ಊರು ಒಪ್ಪಿತ್ತು, ದೈವ ಒಪ್ಪಿತ್ತು. ಒಪ್ಪಿಗೆ ಕೇಳದೆ ಉಳಿದದ್ದು ಆ ಹುಡುಗಿಯದು ಮಾತ್ರ. ದೇವದಾಸಿ ನಿಷೇಧ ಕಾಯ್ದೆ ರಾಜ್ಯದಲ್ಲಿ ಬಂದದ್ದು 1982ರಲ್ಲಿ, ಅಂದರೆ ಅವಳ ಕೈಗೆ ಓಟು ಬಂದು ಮೂವತ್ತು ವರ್ಷದ ಮೇಲೆ.

ಇನ್ನು ಮುನಿರಾಬಾದಿನ ಅಣೆಕಟ್ಟು. ತುಂಗಭದ್ರೆಗೆ 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಎಡದಂಡೆಯಲ್ಲಿ ಹೈದರಾಬಾದ್ ಸರ್ಕಾರ, ಬಲದಂಡೆಯಲ್ಲಿ ಮದರಾಸು ಸರ್ಕಾರ ಕಟ್ಟಿದವು. ಸುಮಾರು 90 ಹಳ್ಳಿಗಳು ನೀರಿನಡಿ ಹೋದವು. ಕಲ್ಲು ಹಾಕುವಾಗ ಆ ಹಳ್ಳಿಗಳವರಿಗೆ ಓಟಿರಲಿಲ್ಲ. 1953ರಲ್ಲಿ ನೀರು ಬಿಡುವ ಹೊತ್ತಿಗೆ ಓಟಿತ್ತು, ಹಳ್ಳಿ ಇರಲಿಲ್ಲ. ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಪ್ರತಿವರ್ಷ ಕಾಲುವೆಗೆ ಎಷ್ಟು ನೀರು, ಎಂದಿನವರೆಗೆ ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡುತ್ತದೆ. ಮಂತ್ರಿ, ಶಾಸಕರು, ಅಧಿಕಾರಿಗಳು, ರೈತ ಮುಖಂಡರು ಕೂಡುತ್ತಾರೆ. ಮೇಲ್ಭಾಗದವರಿಗೂ ಕೊನೆಭಾಗದವರಿಗೂ ಜಗಳ ಆಗುತ್ತದೆ, ಅದು ಆಗಬೇಕಾದ್ದೇ. ಆದರೆ ಎರಡನೇ ಬೆಳೆಗೆ ನೀರಿಲ್ಲ ಎಂದು ಠರಾವು ಆದಾಗ ಕೂಲಿ ಹೋಗುವುದು ನಾಟಿ ಹಚ್ಚುವ, ಕಳೆ ತೆಗೆಯುವ ಭೂಮಿ ಇಲ್ಲದ ಹೆಂಗಸರದು. ಅವರಿಗೆ ಆ ಮೇಜಿನಲ್ಲಿ ಕುರ್ಚಿ ಇಲ್ಲ.

ಪಂಚಾಯತಿಯಲ್ಲಿ ಕುರ್ಚಿ ಬಂತು. ಅಬ್ದುಲ್ ನಜೀರ್‌ಸಾಬರ ಕಾಲದಲ್ಲಿ, 1987ರಲ್ಲಿ, ಮಂಡಲ ಪಂಚಾಯತಿಗಳು ಶುರುವಾದವು. 1993ರ ಕಾಯ್ದೆಯಿಂದ ಗ್ರಾಮ ಪಂಚಾಯತಿಗಳಲ್ಲಿ ಸದಸ್ಯತ್ವಕ್ಕೂ ಅಧ್ಯಕ್ಷಗಿರಿಗೂ ಮೀಸಲಾತಿ ಬಂತು. ಕಟ್ಟೆಯ ಕೆಳಗೆ ನಿಲ್ಲುತ್ತಿದ್ದವರ ಮಗಳು ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಳು. ಅವಳ ಪರವಾಗಿ ರುಜು ಎಲ್ಲಿ ಹಾಕಬೇಕೆಂದು ತೋರಿಸುವವರು ಪಕ್ಕದಲ್ಲಿ ನಿಂತರು ಎಂಬುದೂ ನಿಜ, ಆದರೂ ಕೂತಳು. ದೈವ ಸುಮ್ಮನಿರಲಿಲ್ಲ, ಹೊಸ ಉಪಾಯ ಹುಡುಕಿತು. 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯ ವೇಳೆ ಬಳ್ಳಾರಿ, ಕಲಬುರಗಿ ಕಡೆಗಳಿಂದ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ಗುಡಿಗೆ ಇಷ್ಟು ಲಕ್ಷ ಕೊಟ್ಟವರು ಅವಿರೋಧ ಆಯ್ಕೆ. ಊರಲ್ಲಿ ಜಗಳ ಬ್ಯಾಡ, ಒಗ್ಗಟ್ಟು ಇರಲಿ ಎಂಬುದು ಸಬೂಬು. ಪರದೆಯ ಹಿಂದಿನ ಅರ್ಧ ನಿಮಿಷವನ್ನೂ ಕಸಿದುಕೊಳ್ಳುವ ಈ ಒಗ್ಗಟ್ಟಿಗೆ ಊರು ಚಪ್ಪಾಳೆ ತಟ್ಟುತ್ತದೆ. ನನಗಂತೂ ‘ಅವಿರೋಧ’ ಎಂಬ ಪದ ಕೇಳಿದರೆ ಕಟ್ಟೆಯ ಕೆಳಗಿನ ಕೈಕಟ್ಟಿದ ಜನವೇ ಕಣ್ಣಿಗೆ ಬರುತ್ತಾರೆ.

ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಚನ್ನದಾಸರ ಸಮುದಾಯದ, ಇನ್ನೂ ಶಾಲೆ ಸೇರದ ಕೂಸು. ಹುಟ್ಟಿದ ದಿನ ಅಂತ ಅಪ್ಪ ಆಂಜನೇಯನ ಗುಡಿಯ ಹೊರಗೆ ಕೈಮುಗಿಸಲು ಕರೆತಂದಿದ್ದ. ಮಳೆ ಬಂತು, ಕೂಸು ಗುಡಿಯೊಳಗೆ ಓಡಿತು. ವಾರದಲ್ಲಿ ಊರವರು ಸಭೆ ಕೂಡಿದರು. ಗುಡಿ ಶುದ್ಧಿಗೆಂದು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ದಂಡ ಎಂದರು. ಸಭೆಯ ಲಕ್ಷಣಗಳನ್ನೆಲ್ಲ ಇಟ್ಟು ನೋಡಿದರೆ ಅಲ್ಲಿ ಕೊರತೆ ಏನಿತ್ತು? ಜನ ಕೂಡಿದ್ದರು, ಚರ್ಚೆ ಆಯಿತು, ಬಹುಮತವೂ ಇತ್ತು. ಕುಟುಂಬ ತಾನಾಗಿ ದೂರು ಕೊಡಲೂ ಹಿಂಜರಿಯಿತು. ಅದೇ ಊರಲ್ಲಿ ಬಾಳಬೇಕಲ್ಲ. ಸಮಾಜ ಕಲ್ಯಾಣ ಇಲಾಖೆ ದೂರು ಕೊಟ್ಟು, ಐವರನ್ನು ಬಂಧಿಸಿದರು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಹುಮತ ಎಷ್ಟೇ ದೊಡ್ಡದಿರಲಿ, ಅದು ಮುಟ್ಟಬಾರದ ಕೆಲವು ಸಂಗತಿಗಳಿವೆ ಎಂದು ಮೊದಲೇ ಬರೆದಿಟ್ಟುಕೊಂಡಿದ್ದರೆ, ಆ ಬರಹವನ್ನು ಜಾರಿ ಮಾಡುವ ಕಚೇರಿಯೊಂದು ಊರ ಹೊರಗೆ ಇದ್ದರೆ ಮಾತ್ರ ಆ ಸಭೆಗೆ ಪ್ರಜಾಪ್ರಭುತ್ವದ ಹೆಸರು.

ಆ ಬರಹದ ಒಂದು ಸಾಲನ್ನು ನೋಡೋಣ. ಸಂವಿಧಾನದ 15ನೇ ಅನುಚ್ಛೇದ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹಿಡಿದು, ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ ಎನ್ನುತ್ತದೆ. ಒಂದು ದೇಶದ ಮೂಲ ಕಾನೂನಿನಲ್ಲಿ ಬಾವಿ-ಹೋಟೆಲುಗಳ ಮಾತು ಯಾಕೆ ಎಂದು ದೊಡ್ಡ ವಿದ್ವಾಂಸರಿಗೆ ಅನಿಸಬಹುದು; ಕೇರಿಯವರಿಗೆ ಅನಿಸುವುದಿಲ್ಲ. 1948ರ ನವೆಂಬರ್ 29ರಂದು ಇದರ ಚರ್ಚೆ ನಡೆದಾಗ, ಅಂಗಡಿ ಎಂದರೆ ಅದರಲ್ಲಿ ಅಗಸರ, ಕ್ಷೌರಿಕರ ಅಂಗಡಿಯೂ ಸೇರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರ್ ಅಂಗಡಿ ಎಂಬ ಪದಕ್ಕೆ ಅತಿ ವಿಶಾಲವಾದ ಅರ್ಥ ಕೊಟ್ಟರು: ಬಂದವರಿಗೆ ಸೇವೆ ಕೊಡಲು ಯಾರಾದರೂ ತೆರೆದು ಕೂತ ಜಾಗ. ಅಸ್ಪೃಶ್ಯತೆ ರದ್ದು ಮಾಡುವ ಅನುಚ್ಛೇದವನ್ನೂ ಸಭೆ ಒಪ್ಪಿದ್ದು ಅದೇ ದಿನ.

ಅದಾಗಿ ಅರವತ್ತೈದು ವರ್ಷದ ಮೇಲೆ, ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಜಗಳ ಇದ್ದದ್ದು ಕ್ಷೌರದಂಗಡಿ ಮತ್ತು ಹೋಟೆಲಿನದೇ. ದಲಿತರಿಗೆ ಒಳಗೆ ಪ್ರವೇಶ ಇಲ್ಲ. ತಲೆಯ ಕೂದಲು ಕತ್ತರಿಸಿಕೊಳ್ಳುವುದು ಹಕ್ಕೇನು ಎಂದು ನಗುವವರು ಇದ್ದಾರೆ. ಗಂಗಾವತಿಯ ಸಿನಿಮಾ ಟಾಕೀಸಿನಲ್ಲಿ ಆದ ಒಂದು ಗಲಾಟೆ ನೆಪವಾಗಿ, 2014ರ ಆಗಸ್ಟ್ 28ರಂದು ಗುಂಪೊಂದು ದಲಿತರ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಹಚ್ಚಿತು. 117 ಜನರ ಮೇಲೆ ಮೊಕದ್ದಮೆ. ತೀರ್ಪು ಬರುವಷ್ಟರಲ್ಲಿ ಆರೋಪಿಗಳಲ್ಲೇ 16 ಮಂದಿ ತೀರಿಹೋಗಿದ್ದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ 5 ವರ್ಷದ ಶಿಕ್ಷೆ ವಿಧಿಸಿತು.

ಅದೇ ವರ್ಷ ಆಗಸ್ಟ್ 10ರ ರಾತ್ರಿ ಮುನಿರಾಬಾದಿನ ನಮ್ಮ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಮಂತ್ರಿಗಳು, ಎಂಜಿನಿಯರುಗಳು ಹಗಲು-ರಾತ್ರಿ ನಿಂತು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಮಾಡಬೇಕಾದ ಕೆಲಸ, ಮಾಡಿದರು. ಮರಕುಂಬಿಯ ಕೇಸಿಗೆ ಹಿಡಿದದ್ದು ಹತ್ತು ವರ್ಷ. ಸರ್ಕಾರಕ್ಕೆ ಅವಸರ ಎಂಬುದು ಗೊತ್ತಿಲ್ಲ ಅಂತಲ್ಲ. ಯಾವುದಕ್ಕೆ ಅವಸರ ಎಂಬುದನ್ನು ಹೇಳಿಸಿಕೊಳ್ಳಬೇಕಾಗುತ್ತದೆ.

ತೀರ್ಪಿನ ಬಗ್ಗೆ ನಮ್ಮ ಗೆಳೆಯರಲ್ಲೇ ಎರಡು ಅಭಿಪ್ರಾಯ ಇದ್ದವು. ಇಷ್ಟು ಮಂದಿಗೆ ಒಮ್ಮೆಲೇ ಜೀವಾವಧಿ ಆದರೆ ಊರಲ್ಲಿ ದ್ವೇಷ ಇನ್ನಷ್ಟು ಬಲಿಯುತ್ತದೆ ಎಂದು ಕೆಲವರು. ಹತ್ತು ವರ್ಷ ಸಾಕ್ಷಿ ಹೇಳಲು ಕೋರ್ಟಿಗೆ ಅಲೆದವರ ಕಷ್ಟ ನೋಡದವರ ಮಾತು ಅದು ಎಂದು ಇನ್ನು ಕೆಲವರು. ನಾನು ಎರಡನೆಯವರ ಜೊತೆ. ಆದರೆ ಒಂದು ಸಂಗತಿಯನ್ನು ಇಬ್ಬರೂ ಗಮನಿಸಬೇಕು. ಮರಕುಂಬಿಯ ಆರೋಪಿಗಳಿಗೆ ವಕೀಲರಿದ್ದರು. ಅವರ ವಿರುದ್ಧ ಹೇಳಿದ ಪ್ರತಿ ಸಾಕ್ಷಿಯನ್ನೂ ಪಾಟೀಸವಾಲು ಮಾಡುವ ಅವಕಾಶವಿತ್ತು. ಶಿಕ್ಷೆಯಾದ ಮೇಲೂ ಅವರು ಹೈಕೋರ್ಟಿಗೆ ಹೋದರು, ನವೆಂಬರಿನಲ್ಲಿ ಧಾರವಾಡ ಪೀಠ ಅವರಲ್ಲಿ 97 ಮಂದಿಗೆ ಜಾಮೀನು ಕೊಟ್ಟಿತು. ಕೇರಿಯವರು ಆ ಜಾಮೀನಿನ ಸುದ್ದಿಯನ್ನು ನೋವಿನಿಂದಲೇ ಕೇಳಿದರು, ಯಾರ ಗುಡಿಸಲಿಗೂ ಹೋಗಿ ಬೆಂಕಿ ಹಚ್ಚಲಿಲ್ಲ. ಮಿಯಾಪುರದ ಆ ಅಪ್ಪನಿಗೆ ದೈವ ಕೊಟ್ಟದ್ದು ಒಂದೇ ಸಭೆ, ಒಂದೇ ಮಾತು. ವಕೀಲನೂ ಇಲ್ಲ, ಅಪೀಲೂ ಇಲ್ಲ.